ಹಿಂಸೆ ಇಷ್ಟೊಂದು ಇದ್ದರೆ ಆಶ್ರಯ ಮನೆಗೆ ಬರುವವರು ಇಷ್ಟು ಕಡಿಮೆ ಏಕೆ?

ನೇರಮಾತು

ಎರಡು ಲೆಕ್ಕಗಳು ನನಗೆ ತಾಳೆಯೇ ಆಗುತ್ತಿಲ್ಲ, ಗೊತ್ತಿದ್ದವರು ಬಿಡಿಸಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ, ಜಗತ್ತಿನಲ್ಲಿ 15ರಿಂದ 49 ವರ್ಷದೊಳಗಿನ, ಗಂಡ ಅಥವಾ ಸಂಗಾತಿ ಇರುವ ಇಲ್ಲವೇ ಹಿಂದೆ ಇದ್ದ ಹೆಂಗಸರಲ್ಲಿ ಶೇ 27ರಷ್ಟು ಮಂದಿ ಒಮ್ಮೆಯಾದರೂ ಅವನಿಂದ ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ್ದಾರೆ. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ. ಅದೇ, ಇಂಥ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸರು ತಂಗುವ ಆಶ್ರಯ ಮನೆಗಳ ಕಡೆ ನೋಡಿದರೆ ಅಲ್ಲಿರುವವರು ಬೆರಳೆಣಿಕೆ. ಕೆಲವು ಕಡೆ ಹಾಸಿಗೆಗಳು ಖಾಲಿ ಬಿದ್ದಿರುತ್ತವೆ ಅಂತಲೂ ಕೇಳಿದ್ದೇನೆ. ಒಂದೋ ಸಮೀಕ್ಷೆ ಮಾಡುವವರು ಊದಿಸಿ ಹೇಳುತ್ತಿದ್ದಾರೆ, ಇಲ್ಲಾ ಈ ಆಶ್ರಯ ಮನೆಗಳು ಯಾರಿಗೂ ಬೇಕಾಗಿಲ್ಲ. ಎರಡೂ ಒಟ್ಟಿಗೆ ನಿಜ ಹೇಗಾಗುತ್ತವೆ? ಜಗಳಕ್ಕೆ ಕೇಳುತ್ತಿಲ್ಲ, ಅರ್ಥ ಮಾಡಿಕೊಳ್ಳೋಕೆ ಕೇಳುತ್ತಿದ್ದೇನೆ.

ಅಂಕಿಸಂಖ್ಯೆ

ಎರಡೂ ನಿಜ. ಯಾಕಂದ್ರೆ ಎರಡೂ ಬೇರೆ ಬೇರೆ ಅಳತೆಗಳು. ಸಮೀಕ್ಷೆ ಕೇಳುವುದು "ಜೀವನದಲ್ಲಿ ಯಾವಾಗಲಾದರೂ" ಅಂತ. ಆಶ್ರಯ ಮನೆಯ ಲೆಕ್ಕ "ಈ ರಾತ್ರಿ ಇಲ್ಲಿ ಎಷ್ಟು ಜನ" ಅಂತ. ಮದುವೆಯಾದ ಹೊಸದರಲ್ಲಿ ಹೊಡೆತ ತಿಂದು, ಆಮೇಲೆ ಅವನನ್ನು ಬಿಟ್ಟು ಈಗ ನೆಮ್ಮದಿಯಾಗಿ ಇರುವವಳೂ ಆ ಶೇ 27ರಲ್ಲಿ ಇದ್ದಾಳೆ. ಅವಳಿಗೆ ಈ ರಾತ್ರಿ ಹಾಸಿಗೆ ಬೇಡ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅದೇ ಸಂಸ್ಥೆ 2005ರಲ್ಲಿ ಹತ್ತು ದೇಶಗಳ 24,000ಕ್ಕೂ ಹೆಚ್ಚು ಹೆಂಗಸರನ್ನು ಮಾತಾಡಿಸಿದ ಅಧ್ಯಯನ ಹೊರತಂದಿತ್ತು. ಸಂಗಾತಿಯಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಜಪಾನಿನ ಒಂದು ನಗರದಲ್ಲಿ ಶೇ 15, ಇಥಿಯೋಪಿಯಾದ ಒಂದು ಪ್ರಾಂತ್ಯದಲ್ಲಿ ಶೇ 71. ಅಷ್ಟು ಅಂತರ. ಆದರೆ ಎಲ್ಲ ಕಡೆಯೂ ಕಂಡ ಒಂದು ಸಂಗತಿ ಏನಂದರೆ, ಹೊಡೆತ ತಿಂದವರಲ್ಲಿ ಶೇ 55ರಿಂದ ಶೇ 95ರಷ್ಟು ಮಂದಿ ಪೊಲೀಸ್, ಆಶ್ರಯ ಮನೆ, ಸಂಘಸಂಸ್ಥೆ ಯಾವುದರ ಬಾಗಿಲನ್ನೂ ತಟ್ಟಿರಲಿಲ್ಲ. ಸಂದರ್ಶನಕ್ಕೆ ಬಂದ ಅಪರಿಚಿತಳ ಹತ್ತಿರವೇ ಮೊದಲ ಸಲ ಬಾಯಿಬಿಟ್ಟವರೂ ತುಂಬ ಜನ.

ಊದಿಸುವ ವಿಷಯಕ್ಕೆ ಬಂದರೆ, ಈ ಸಮೀಕ್ಷೆಗಳಲ್ಲಿ "ನಿಮ್ಮ ಮೇಲೆ ದೌರ್ಜನ್ಯ ಆಗಿದೆಯಾ" ಅಂತ ಸುಮ್ನೆ ಒಂದು ಪ್ರಶ್ನೆ ಕೇಳಿ ಮುಗಿಸುವುದಿಲ್ಲ. ಕೆನ್ನೆಗೆ ಹೊಡೆದನಾ, ತಳ್ಳಿದನಾ, ಒದ್ದನಾ, ಕತ್ತು ಹಿಸುಕಿದನಾ ಅಂತ ಒಂದೊಂದನ್ನೇ ಕೇಳುತ್ತಾರೆ. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಭಾಗಕ್ಕೆ ಒಂದು ಮನೆಯಿಂದ ಒಬ್ಬಳನ್ನೇ ಆರಿಸುತ್ತಾರೆ. ಪಕ್ಕದಲ್ಲಿ ಯಾರಾದರೂ ಇದ್ದು ಏಕಾಂತ ಸಿಗದಿದ್ದರೆ ಆ ಪ್ರಶ್ನೆಗಳನ್ನೇ ಬಿಟ್ಟುಬಿಡುತ್ತಾರೆ. ಇಷ್ಟಾದ ಮೇಲೂ ಹೇಳದೆ ಉಳಿದವರು ಇದ್ದೇ ಇರುತ್ತಾರೆ. ಹಾಗಾಗಿ ಲೆಕ್ಕ ತಪ್ಪಿದರೆ ಕಡಿಮೆ ಕಡೆಗೆ ತಪ್ಪುವ ಸಾಧ್ಯತೆಯೇ ಜಾಸ್ತಿ. 2019-21ರ ಸುತ್ತಿನಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 29 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದರು. ಅದೇ ಸುತ್ತಿನಲ್ಲಿ, ಗಂಡನಿಂದಲೋ ಬೇರೆಯವರಿಂದಲೋ ಹಿಂಸೆ ಕಂಡವರಲ್ಲಿ ಸಹಾಯ ಕೇಳಿದವರು ಶೇ 14. ಸಹಾಯ ಕೇಳುವುದಿರಲಿ, ಯಾರಿಗೂ ಹೇಳಿಕೊಳ್ಳದೆ ಇದ್ದವರೇ ಶೇ 77.

ನೇರಮಾತು

ಸರಿ. ಆದರೆ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಹಿಂದಿನ ಸುತ್ತಿನಲ್ಲಿ ಶೇ 20.6 ಇದ್ದದ್ದು ಮುಂದಿನದರಲ್ಲಿ ಶೇ 44.4 ಆಯಿತು. ನಾಲ್ಕೈದು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ! ಗಂಡಸರೆಲ್ಲ ಒಮ್ಮೆಲೇ ಕೆಟ್ಟುಹೋದರಾ? ನಂಬೋದು ಹೇಗೆ?

ಅಂಕಿಸಂಖ್ಯೆ

ಹೊಡೆತ ಎರಡು ಪಟ್ಟಾಯಿತು ಅಂತ ನಾನೂ ಹೇಳಲ್ಲ. ಹೊಡೆತ ಹೆಚ್ಚಿದ್ದೆಷ್ಟು, ಬಾಯಿಬಿಡುವುದು ಹೆಚ್ಚಿದ್ದೆಷ್ಟು ಅಂತ ಬೇರ್ಪಡಿಸೋಕೆ ಆ ಒಂದು ಅಂಕಿಯಿಂದ ಆಗಲ್ಲ. ಪ್ರಶ್ನೆ ಕೇಳುವವರ ತರಬೇತಿ, ಏಕಾಂತ ಎಷ್ಟು ಸಿಕ್ಕಿತು, ಇವೆಲ್ಲ ಅಂಕಿಯನ್ನು ಅಲುಗಾಡಿಸುತ್ತವೆ. ಅದಕ್ಕೇ ಒಂದು ಕಡೆಯ ಒಂದು ಸುತ್ತನ್ನು ಹಿಡಿದು ವಾದ ಮಾಡಬಾರದು. ಬೇರೆ ಬೇರೆ ದೇಶ, ಬೇರೆ ಬೇರೆ ವರ್ಷ, ಬೇರೆ ಬೇರೆ ಜನ ಕೇಳಿದಾಗಲೂ ಒಟ್ಟು ಲೆಕ್ಕ ಮತ್ತೆ ಮತ್ತೆ ನಾಲ್ಕರಲ್ಲಿ ಒಂದರ ಆಸುಪಾಸಿಗೇ ಬರುತ್ತಿದೆಯಲ್ಲ, ನೋಡಬೇಕಾದದ್ದು ಅದನ್ನು. ಯುರೋಪ್ ಒಕ್ಕೂಟ 28 ದೇಶಗಳ 42,000 ಹೆಂಗಸರನ್ನು ಕೇಳಿ 2014ರಲ್ಲಿ ಕೊಟ್ಟ ವರದಿಯಲ್ಲೂ ಶೇ 22 ಬಂತು. ಅಲ್ಲಿಯೂ ಸಂಗಾತಿಯಿಂದ ಆದ ಅತಿ ಗಂಭೀರ ಘಟನೆಯನ್ನು ಪೊಲೀಸರಿಗೆ ತಿಳಿಸಿದವರು ಶೇ 14 ಮಾತ್ರ.

ಹಾಂ, ನೀವು ಹೇಳಿದ ಅದೇ ಸುತ್ತಿನಲ್ಲಿ ಇನ್ನೊಂದು ಅಂಕಿ ಇದೆ, ಅದನ್ನೂ ಓದಿ. ಗಂಡ ಹೆಂಡತಿಗೆ ಹೊಡೆಯುವುದಕ್ಕೆ ಒಂದಲ್ಲ ಒಂದು ಕಾರಣ ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ಶೇ 77ರ ಹತ್ತಿರ. "ಹೊಡೆದನಾ" ಅಂದರೆ ಹೌದು ಅನ್ನುತ್ತಾಳೆ. ಆದರೆ ಅದು ಮನೆ ಬಿಟ್ಟು ಹೋಗುವಂಥ ವಿಷಯ ಅಂತ ಅವಳಿಗೇ ಅನಿಸಿರುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು ಅಲ್ವಾ?

ರಾತ್ರಿಪಾಳಿ

ಉಳಿದರ್ಧ ನಾನು ಹೇಳುತ್ತೇನೆ. ಇಂಥ ಒಂದು ಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ. ಎಲ್ಲಿ ಅಂತ ಕೇಳಬೇಡಿ, ವಿಳಾಸ ಹೇಳಬಾರದು ಅನ್ನೋದೇ ಅಲ್ಲಿನ ಮೊದಲ ನಿಯಮ.

ಆಶ್ರಯ ಮನೆಗೆ ಬರುವವಳು ಯಾರು ಗೊತ್ತಾ? ಬೇರೆ ಎಲ್ಲೂ ಹೋಗೋಕೆ ಜಾಗ ಇಲ್ಲದವಳು. ತವರಿಗೆ ಹೋಗಬಹುದಾದವಳು ತವರಿಗೆ ಹೋಗುತ್ತಾಳೆ. ಗೆಳತಿ ಇದ್ದವಳು ಗೆಳತಿ ಮನೆಗೆ. ಕೈಯಲ್ಲಿ ಸಂಬಳ ಇದ್ದವಳು ಬಾಡಿಗೆ ರೂಮು ಹಿಡಿಯುತ್ತಾಳೆ. ಇದ್ಯಾವುದೂ ಇಲ್ಲದೆ, ಅಥವಾ ಇದ್ದರೂ ಅವನು ಅಲ್ಲಿಗೆಲ್ಲ ಬಂದು ಗಲಾಟೆ ಮಾಡುತ್ತಾನೆ ಅಂತ ಗೊತ್ತಿದ್ದು, ಮಕ್ಕಳನ್ನು ಕಟ್ಟಿಕೊಂಡು ಒಂದು ಚೀಲ ಹಿಡಿದು ಬರುವವಳು ನಮ್ಮ ಹತ್ತಿರ ಬರುತ್ತಿದ್ದಳು. ಅಲ್ಲಿ ಬಂದವರನ್ನು ಎಣಿಸಿ ಹಿಂಸೆ ಇಷ್ಟೇ ಅನ್ನೋದು, ತುರ್ತು ಚಿಕಿತ್ಸೆ ವಾರ್ಡಿನ ಹಾಸಿಗೆ ಎಣಿಸಿ ಊರಲ್ಲಿ ಕಾಯಿಲೆ ಇಷ್ಟೇ ಅಂದ ಹಾಗೆ.

ಬರಬೇಕಾದವಳೂ ಬರದೇ ಇರೋಕೆ ಕಾರಣಗಳು ಬೇಕಾದಷ್ಟು, ಇವನ್ನು ಹೊರಗಿನವರು ಊಹಿಸೋದೇ ಇಲ್ಲ. ಎಷ್ಟೋ ಆಶ್ರಯ ಮನೆಗಳು ಸ್ವಲ್ಪ ದೊಡ್ಡ ಗಂಡು ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಹದಿಮೂರೋ ಹದಿನಾಲ್ಕೋ ಆದ ಮಗನನ್ನು ಆ ಅಪ್ಪನ ಹತ್ತಿರವೇ ಬಿಟ್ಟು ಯಾವ ತಾಯಿ ಬರುತ್ತಾಳೆ? ಬಂದರೆ ಕೆಲಸಕ್ಕೆ ಹೋಗೋ ಹಾಗಿಲ್ಲ, ಯಾಕಂದ್ರೆ ಅವನು ಕೆಲಸದ ಜಾಗದಲ್ಲೇ ಕಾಯುತ್ತಾನೆ. ಮಕ್ಕಳ ಶಾಲೆಯದ್ದೂ ಅದೇ ಕಥೆ. ಫೋನ್ ಆಫ್ ಮಾಡಿ ಇಡಬೇಕು. ರಾತ್ರಿ ಇಷ್ಟು ಹೊತ್ತಿಗೆ ಗೇಟು ಮುಚ್ಚುತ್ತೆ, ಭೇಟಿಗೆ ಯಾರೂ ಬರಬಾರದು. ತಪ್ಪು ಮಾಡಿದವನು ಮನೆಯಲ್ಲಿ ಆರಾಮಾಗಿ ಟಿವಿ ನೋಡ್ತಾ ಇರುವಾಗ ನಿಯಮಗಳೆಲ್ಲ ಇವಳಿಗೆ. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುವವಳನ್ನು, ಕುಡಿತದ ಚಟ ಇರುವವಳನ್ನು "ನಮ್ಮಲ್ಲಿ ನೋಡಿಕೊಳ್ಳೋಕೆ ಆಗಲ್ಲ" ಅಂತ ವಾಪಸ್ ಕಳಿಸುವ ಕಡೆಗಳೂ ಇವೆ. ಗಾಲಿಕುರ್ಚಿಯಲ್ಲಿ ಇರುವವಳಿಗೆ ಮೆಟ್ಟಿಲೇ ಅಡ್ಡ.

ಖಾಲಿ ಹಾಸಿಗೆ ವಿಷಯ. ನಾಲ್ಕು ಹಾಸಿಗೆಯ ಕೋಣೆಯಲ್ಲಿ ಒಬ್ಬ ತಾಯಿ ಎರಡು ಮಕ್ಕಳು ಇದ್ದರೆ ಕಾಗದದ ಮೇಲೆ ಒಂದು ಹಾಸಿಗೆ ಖಾಲಿ. ಆದರೆ ಅಲ್ಲಿ ಇನ್ನೊಂದು ಕುಟುಂಬವನ್ನು ಹಾಕೋಕೆ ಆಗುತ್ತಾ? ಇನ್ನೊಂದು, ಖಾಲಿ ಇರುವುದು ಇಲ್ಲಿ, ಫೋನ್ ಬರುವುದು ಮುನ್ನೂರು ಕಿಲೋಮೀಟರ್ ದೂರದಿಂದ. ಅಮೆರಿಕದಲ್ಲಿ ವರ್ಷಕ್ಕೊಂದು ದಿನ ಇಂಥ ಸೇವಾ ಸಂಸ್ಥೆಗಳೆಲ್ಲ ಸೇರಿ 24 ಗಂಟೆಯ ಲೆಕ್ಕ ತೆಗೆಯುತ್ತವೆ, ಎಷ್ಟು ಜನಕ್ಕೆ ಸಹಾಯ ಸಿಕ್ಕಿತು, ಎಷ್ಟು ಜನಕ್ಕೆ ಇಲ್ಲ ಎನ್ನಬೇಕಾಯಿತು ಅಂತ. 2022ರ ಆ ಒಂದೇ ದಿನ ಈಡೇರಿಸಲಾಗದ ಬೇಡಿಕೆಗಳು 12,000ಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋಕೆ ಜಾಗ ಕೇಳಿದವು.

ಹಳೇಛತ್ರಿ

ಗಂಡಸರ ಮೇಲೂ ಹಿಂಸೆ ನಡೆಯುತ್ತೆ ಸ್ವಾಮಿ. ಅರ್ಧಕ್ಕರ್ಧ ಸಮ ಅಂತ ಸಂಶೋಧನೆಗಳೇ ಇವೆ. ಅವರಿಗೆ ಯಾವ ಆಶ್ರಯ ಮನೆ ಇದೆ?

ಅಂಕಿಸಂಖ್ಯೆ

ನಡೆಯುತ್ತೆ. ಇಲ್ಲ ಅಂದವರು ಯಾರು? ಆದರೆ ಆ "ಸಮ" ಎಲ್ಲಿಂದ ಬಂತು ನೋಡಿ. 1979ರಲ್ಲಿ ಮುರ್ರೆ ಸ್ಟ್ರಾಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಪ್ರಕಟಿಸಿದ ಒಂದು ಪ್ರಶ್ನಾವಳಿ ಇದೆ. ಕಳೆದ ವರ್ಷ ಎಷ್ಟು ಸಲ ತಳ್ಳಿದಿರಿ, ಎಷ್ಟು ಸಲ ಹೊಡೆದಿರಿ ಅಂತ ಎಣಿಸುತ್ತದೆ. ಯಾರು ಶುರು ಮಾಡಿದ್ದು, ಯಾರು ತಪ್ಪಿಸಿಕೊಳ್ಳೋಕೆ ತಳ್ಳಿದ್ದು, ಯಾರಿಗೆ ಮೂಳೆ ಮುರಿಯಿತು ಅನ್ನೋದು ಆ ಎಣಿಕೆಯಲ್ಲಿ ಕಾಣಲ್ಲ. 1990ರ ದಶಕದಲ್ಲಿ ಅದನ್ನು ತಿದ್ದಿ ಗಾಯ ಮತ್ತು ಲೈಂಗಿಕ ಬಲವಂತದ ಪ್ರಶ್ನೆ ಸೇರಿಸಿದರು. ಬರೀ ತಳ್ಳಾಟ ಎಣಿಸಿದರೆ ಅಂತರ ಕಡಿಮೆ. ಗಾಯ, ಭಯ, ಸಾವು ಎಣಿಸಿದರೆ ಅಂತರ ಎದ್ದು ಕಾಣುತ್ತೆ.

ಸಾವಿನ ಲೆಕ್ಕ ಬಚ್ಚಿಡೋದು ಕಷ್ಟ, ಹಾಗಾಗಿ ಅದನ್ನೇ ನೋಡೋಣ. ಜಗತ್ತಿನಲ್ಲಿ ಕೊಲೆಯಾಗುವವರಲ್ಲಿ ಸುಮಾರು ಶೇ 80 ಗಂಡಸರೇ. ಆದರೆ ಅವರನ್ನು ಕೊಲ್ಲುವುದು ಹೆಚ್ಚಾಗಿ ಹೊರಗಿನವರು, ಸಂಗಾತಿ ಅಥವಾ ಮನೆಯವರ ಕೈಯಲ್ಲಿ ಸಾಯುವ ಗಂಡಸರು ಶೇ 12ರ ಆಸುಪಾಸು. ಹೆಂಗಸರಲ್ಲಿ ಅದು ಶೇ 60. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಸಂಗಾತಿ ಅಥವಾ ಕುಟುಂಬದವರಿಂದ ಕೊಲೆಯಾದ ಹೆಂಗಸರು, ಹುಡುಗಿಯರು ಸುಮಾರು 51,100. ದಿನಕ್ಕೆ 140.

ಗಂಡಸರಿಗೆ ಆಶ್ರಯ ಬೇಡ ಅಂತ ಅಲ್ಲ. ನೆದರ್‌ಲೆಂಡ್ಸ್ 2008ರಲ್ಲೇ ದೊಡ್ಡ ನಗರಗಳಲ್ಲಿ ಶುರು ಮಾಡಿತು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೇ ಬಂದು ಬರೆಯುತ್ತೇನೆ. ಇಲ್ಲಿ ಅದನ್ನು ಎಳೆದು ತಂದು ಈ ಮಾತು ನಿಲ್ಲಿಸೋದು ಬೇಡ.

ಬೆಳಕಿಂಡಿ

ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ. ನಾನು ಆ ಶೇ 27ರಲ್ಲಿ ಒಬ್ಬಳು, ಆದರೆ ಯಾವ ಆಶ್ರಯ ಮನೆಯ ಪುಸ್ತಕದಲ್ಲೂ ನನ್ನ ಹೆಸರಿಲ್ಲ.

ಹೊಡೆತ ಅನ್ನೋದು ನನಗೆ ಅಪರೂಪಕ್ಕೆ ಬಿದ್ದದ್ದು. ಉಳಿದ ದಿನಗಳೇ ಕಷ್ಟ. ಎಟಿಎಂ ಕಾರ್ಡು ಅವನ ಹತ್ತಿರ, ಫೋನಿನ ಪಾಸ್‌ವರ್ಡ್ ಅವನಿಗೆ ಗೊತ್ತು, ಅಂಗಡಿಗೆ ಹೋದರೆ ಎಷ್ಟು ಹೊತ್ತಾಯಿತು ಅಂತ ಲೆಕ್ಕ, ಅಕ್ಕನ ಜೊತೆ ಮಾತಾಡಿದರೆ ಸ್ಪೀಕರ್ ಹಾಕಿ ಮಾತಾಡಬೇಕು. ಇದನ್ನು ತಗೊಂಡು ಹೋಗಿ ಯಾರ ಹತ್ತಿರ ದೂರು ಕೊಡೋದು? ಒಮ್ಮೆ ಠಾಣೆಗೆ ಹೋಗಿದ್ದೆ. ಗಾಯ ತೋರಿಸಿ ಅಂದರು. ತೋರಿಸೋಕೆ ಏನೂ ಇರಲಿಲ್ಲ. ಹೊಂದಿಕೊಂಡು ಹೋಗಮ್ಮಾ ಅಂತ ಹೇಳಿ ಕಳಿಸಿದರು, ಮೇಲಿಂದ ಅವನಿಗೇ ಫೋನ್ ಮಾಡಿ ಕರೆಸಿದರು. ಆ ರಾತ್ರಿಯ ವಿಷಯ ಬರೆಯಲ್ಲ.

ನನ್ನನ್ನು ಉಳಿಸಿದ್ದು ಒಂದು ಸಹಾಯವಾಣಿ. ಆ ಕಡೆ ಇದ್ದವಳು ಬಿಟ್ಟು ಬಾ ಅಂತಲೂ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅವನು ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾನೆ, ಮಕ್ಕಳ ಜನನ ಪ್ರಮಾಣಪತ್ರ ಎಲ್ಲಿದೆ, ಒಂದು ಜೊತೆ ಬಟ್ಟೆ ಬೇರೆ ಯಾರ ಮನೆಯಲ್ಲಾದರೂ ಇಡಬಹುದಾ ಅಂತ ಕೇಳಿದಳು, ಅಷ್ಟೇ. ತಿಂಗಳುಗಟ್ಟಲೆ ಹೀಗೇ ಮಾತಾಡಿದೆವು. ಕೊನೆಗೆ ಅಕ್ಕನ ಮನೆಗೆ ಹೋದೆ. ಆಶ್ರಯ ಮನೆಯಲ್ಲಿ ಒಂದು ಹಾಸಿಗೆ ಇದೆ ಅಂತ ಅವಳು ಹೇಳಿದ್ದಳಲ್ಲ, ಅದನ್ನು ನಾನು ಬಳಸಲಿಲ್ಲ. ಆದರೆ ಅಕ್ಕ ಬೇಡ ಅಂದರೂ ಬೀದಿಯಲ್ಲಿ ಬೀಳಲ್ಲ ಅಂತ ಧೈರ್ಯ ಕೊಟ್ಟದ್ದು ಅದೇ. ಇದನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ?

ಅಂಕಿಸಂಖ್ಯೆ

ಯಾವ ಲೆಕ್ಕದಲ್ಲೂ ಇಲ್ಲ. ಬರೆದದ್ದಕ್ಕೆ ಥ್ಯಾಂಕ್ಸ್. ನೀವು ಹೇಳಿದ ಆ "ಉಳಿದ ದಿನಗಳು" ಇವೆಯಲ್ಲ, ಅದನ್ನೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನಿನಲ್ಲಿ ಅಪರಾಧ ಮಾಡಿದರು. ಹೊಡೆಯದೇ ಇದ್ದರೂ ಸರಿ, ನಿರಂತರ ಹಿಡಿತದಲ್ಲಿ ಇಟ್ಟುಕೊಂಡರೆ ಐದು ವರ್ಷದವರೆಗೆ ಜೈಲು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಮಾತಿನ ಹಿಂಸೆ, ಹಣಕಾಸಿನ ಹಿಂಸೆ ಎರಡೂ ಸೇರಿವೆ. ಗಾಯ ತೋರಿಸಿ ಅನ್ನೋಕೆ ಆ ಠಾಣೆಯವರಿಗೆ ಯಾವ ಆಧಾರವೂ ಇರಲಿಲ್ಲ.

ಕಾನೂನುಕಟ್ಟೆ

ನನಗೆ ಈ ಚರ್ಚೆಯ ಬುಡದಲ್ಲೇ ಒಂದು ತಕರಾರಿದೆ. ಅವಳು ಎಲ್ಲಿಗೆ ಹೋಗಬೇಕು ಅಂತಲೇ ಎಲ್ಲರೂ ಮಾತಾಡ್ತಾ ಇದ್ದೇವೆ. ಅವನು ಯಾಕೆ ಹೋಗಬಾರದು? ಆಸ್ಟ್ರಿಯಾ 1997ರಲ್ಲೇ ಕಾನೂನು ತಂದಿತು, ಪೊಲೀಸರು ಬಂದು ಹೊಡೆಯುವವನನ್ನು ಮನೆಯಿಂದ ಹೊರಗೆ ಕಳಿಸಬಹುದು, ಮನೆ ಯಾರ ಹೆಸರಲ್ಲಿದೆ ಅನ್ನೋದು ಮುಖ್ಯವಲ್ಲ. ಆಮೇಲೆ ಯುರೋಪಿನ ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಹೆಂಗಸರ ಮೇಲಿನ ಹಿಂಸೆ ತಡೆಯೋಕೆ ಯುರೋಪಿನ ದೇಶಗಳು ಮಾಡಿಕೊಂಡ 2011ರ ಇಸ್ತಾಂಬುಲ್ ಒಪ್ಪಂದದಲ್ಲೂ ಅದು ಇದೆ. ಭಾರತದ ಕಾಯ್ದೆಯ 17ನೇ ಕಲಂ ಪ್ರಕಾರ ಅವಳಿಗೆ ಆ ಮನೆಯಲ್ಲಿ ಇರುವ ಹಕ್ಕಿದೆ, 19ನೇ ಕಲಂ ಪ್ರಕಾರ ಅವನನ್ನೇ ಹೊರಗಿರು ಅಂತ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಮನೆ ಅತ್ತೆ ಮಾವನ ಹೆಸರಲ್ಲಿದ್ದರೆ ಹಕ್ಕೇ ಇಲ್ಲ ಅಂತ ಮೊದಲು ಹೇಳುತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದ ತನ್ನದೇ ಹಳೆಯ ತೀರ್ಪನ್ನು ತೆಗೆದುಹಾಕಿತು. ಇಷ್ಟಿದ್ದರೂ ಜನಕ್ಕೆ ಗೊತ್ತಿರೋದು ಏನು? "ಮನೆ ಬಿಟ್ಟು ಹೋಗು" ಅಷ್ಟೇ.

ರಾತ್ರಿಪಾಳಿ

ಕಾನೂನುಕಟ್ಟೆಯವರ ಮಾತು ನೂರಕ್ಕೆ ನೂರು ಒಪ್ಪುತ್ತೇನೆ, ಆದರೆ ಅದನ್ನೇ ಹಿಡಿದು ಆಶ್ರಯ ಮನೆ ಬೇಡ ಅಂದರೆ ಒಪ್ಪಲ್ಲ. ಆದೇಶ ಅನ್ನೋದು ಕಾಗದ. ಕಾಗದಕ್ಕೆ ಹೆದರುವ ಗಂಡಸರೇ ಜಾಸ್ತಿ, ಅವರಿಗೆ ಅದು ಸಾಕು. ಹೆದರದವನೂ ಇರುತ್ತಾನೆ. ಅವಳು ಬಿಡುವ ಹೊತ್ತು, ಬಿಟ್ಟ ಮೇಲಿನ ಕೆಲವು ತಿಂಗಳು, ಇದೇ ಎಲ್ಲಕ್ಕಿಂತ ಅಪಾಯದ ಕಾಲ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನಾವು ಬಂದವರ ಹತ್ತಿರ ಮೊದಲು ಕೇಳುತ್ತಿದ್ದದ್ದು ಯಾವತ್ತಾದರೂ ಕತ್ತು ಹಿಸುಕಿದ್ದಾನಾ ಅಂತ. ಎಷ್ಟೋ ಜನ ಅದನ್ನು ಹೊಡೆತ ಅಂತಲೇ ಲೆಕ್ಕ ಇಟ್ಟಿರಲ್ಲ, ಗಾಯ ಕಾಣಲ್ಲವಲ್ಲ. ಅಮೆರಿಕದಲ್ಲಿ 2008ರ ಒಂದು ಅಧ್ಯಯನದಲ್ಲಿ, ಒಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಜಾಸ್ತಿ ಅಂತ ಬಂದಿತ್ತು. ಬಂದೂಕು ಇದೆಯಾ, ಕೊಲ್ಲುತ್ತೇನೆ ಅಂದಿದ್ದಾನಾ, ಬಸುರಿ ಇದ್ದಾಗ ಹೊಡೆದಿದ್ದಾನಾ, ಹಿಂಬಾಲಿಸುತ್ತಾನಾ, ಇವೂ ಅಷ್ಟೇ ಮುಖ್ಯ. ಇದಕ್ಕೆಲ್ಲ ಹೌದು ಅಂದವಳನ್ನು ಅದೇ ಮನೆಯಲ್ಲಿ ಇರು, ನಿನಗೆ ಹಕ್ಕಿದೆ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅವನಿಗೆ ವಿಳಾಸ ಗೊತ್ತಾಗದ ಜಾಗವೇ ಅವಳಿಗೆ ಬೇಕು.

1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಎಂಬಾಕೆ ಒಂದು ಹಳೇ ಮನೆಯಲ್ಲಿ ಇಂಥ ಆಶ್ರಯ ಶುರು ಮಾಡಿದಾಗ ಅಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಆಗ ಯಾವ ಸಮೀಕ್ಷೆಯೂ ಇರಲಿಲ್ಲ, ಬಾಗಿಲು ತೆರೆದದ್ದಷ್ಟೇ. ಈಗ ಯುರೋಪಿನಲ್ಲಿ 10,000 ಜನಸಂಖ್ಯೆಗೆ ಒಂದು ಕುಟುಂಬಕ್ಕೆ ಜಾಗ ಇರಬೇಕು ಅಂತ ಒಂದು ಅಳತೆ ಇದೆ. ಅಲ್ಲೇ ಎಷ್ಟೋ ದೇಶಗಳು ಅದನ್ನು ಮುಟ್ಟಿಲ್ಲ.

ನೇರಮಾತು

ಸರಿ, ಹಾಗಾದರೆ ನನ್ನಂಥ ಹೊರಗಿನವನು ಯಾವ ಅಂಕಿ ನೋಡಿದರೆ ಆಶ್ರಯ ಮನೆ ಕೆಲಸ ಮಾಡ್ತಾ ಇದೆಯೋ ಇಲ್ಲವೋ ಗೊತ್ತಾಗುತ್ತೆ?

ರಾತ್ರಿಪಾಳಿ

ಎಷ್ಟು ಜನರನ್ನು ವಾಪಸ್ ಕಳಿಸಿದರು, ಯಾವ ಕಾರಣಕ್ಕೆ. ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು. ಆರು ತಿಂಗಳಾದ ಮೇಲೆ ಅವರಿಗೆ ಸ್ವಂತ ಬಾಡಿಗೆ ಮನೆ, ಕೆಲಸ, ಮಕ್ಕಳಿಗೆ ಶಾಲೆ ಇದೆಯಾ. ಇದನ್ನು ಬರೆದಿಡುವವರು ಬಹಳ ಕಡಿಮೆ. ಎಷ್ಟು ಹಾಸಿಗೆ ತುಂಬಿತ್ತು ಅಂತ ಮಾತ್ರ ಬರೆಯುತ್ತಾರೆ, ಅನುದಾನ ಕೊಡುವವರು ಕೇಳುವುದೂ ಅದನ್ನೇ.

ಇನ್ನು ವಾಪಸ್ ಗಂಡನ ಹತ್ತಿರ ಹೋದವಳನ್ನು ಸೋತವಳು ಅಂತ ಬರೆಯಬೇಡಿ. ಹೋಗುತ್ತಾರೆ, ಮತ್ತೆ ಬರುತ್ತಾರೆ. ಮೊದಲ ಸಲ ಬಂದಾಗ ಕೆಟ್ಟದಾಗಿ ಮಾತಾಡಿಸಿ ಕಳಿಸಿದ್ದರೆ ಎರಡನೇ ಸಲ ಬರಲ್ಲ, ಅಷ್ಟೇ.

ಮೋಡಕಣ್ಣು

ಇಲ್ಲೇ ಕೇಳಬಹುದಾ? ನನ್ನ ಜೊತೆ ಕೆಲಸ ಮಾಡುವವಳ ಮನೆಯಲ್ಲಿ ಹೀಗೇ ಇದೆ. ಬಿಟ್ಟು ಬಾ ಅಂದರೆ ನನ್ನ ಹತ್ತಿರ ಮಾತೇ ಬಿಟ್ಟಳು. ಈಗ ಏನು ಮಾಡಲಿ?

ಬೆಳಕಿಂಡಿ

ಬಿಟ್ಟು ಬಾ ಅನ್ನೋದನ್ನು ಮೊದಲು ನಿಲ್ಲಿಸಿ. ಅವನೂ ಇಡೀ ದಿನ ಹೀಗೆ ಮಾಡು ಹಾಗೆ ಮಾಡು ಅಂತಲೇ ಹೇಳುತ್ತಿರುತ್ತಾನೆ. ಊಟಕ್ಕೆ ಜೊತೆಗೆ ಕೂತುಕೊಳ್ಳಿ, ಆ ವಿಷಯ ಎತ್ತಬೇಡಿ. ಅವಳೇ ಎತ್ತಿದ ದಿನ "ನಿನ್ನ ತಪ್ಪಲ್ಲ, ನಂಬುತ್ತೇನೆ" ಅಂದರೆ ಸಾಕು. ದಾಖಲೆಗಳ ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಬಹುದಾ ಅಂತ ಕೇಳಿ. ವಾಟ್ಸಾಪ್‌ನಲ್ಲಿ ಮಾತ್ರ ಇದನ್ನೆಲ್ಲ ಬರೆಯಬೇಡಿ, ಆ ಫೋನ್ ಅವನೂ ನೋಡುತ್ತಾನೆ ಅಂತಲೇ ಅಂದುಕೊಳ್ಳಿ.

ರಾತ್ರಿಪಾಳಿ

ಭಾರತದಲ್ಲಿ ಇದ್ದರೆ 181 ಮಹಿಳಾ ಸಹಾಯವಾಣಿ, ತುರ್ತು ಇದ್ದರೆ 112. ನೀವೇ ಮೊದಲು 181ಕ್ಕೆ ಮಾಡಿ ಕೇಳಬಹುದು, ಅವಳ ಹೆಸರು ಹೇಳಬೇಕಾಗಿಲ್ಲ. ಹಿಂಸೆಗೆ ಸಿಕ್ಕ ಹೆಂಗಸರಿಗೆ ಅಂತಲೇ ಇರುವ ಸರ್ಕಾರದ ಸಖಿ ಕೇಂದ್ರಗಳಲ್ಲಿ ಐದು ದಿನದವರೆಗೆ ಇರಬಹುದು, ಅಲ್ಲಿಂದ ದೀರ್ಘಕಾಲದ ಜಾಗಕ್ಕೆ ಕಳಿಸುತ್ತಾರೆ. ವಕೀಲರಿಗೆ ದುಡ್ಡಿಲ್ಲ ಅನ್ನೋ ಭಯ ಇದ್ದರೆ, ಹೆಂಗಸರಿಗೆ ಸಂಬಳ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಹೋಗುವ ಮೊದಲು ಗಂಡು ಮಗು ಇದ್ದರೆ ಎಷ್ಟು ವಯಸ್ಸಿನವರೆಗೆ ಒಳಗೆ ಬಿಡುತ್ತಾರೆ ಅಂತ ಕೇಳಿಕೊಳ್ಳಿ. ಬಾಗಿಲವರೆಗೆ ಬಂದು ಅದೊಂದೇ ಕಾರಣಕ್ಕೆ ತಿರುಗಿ ಹೋದವರನ್ನು ನೋಡಿದ್ದೇನೆ.

ಮೋಡಕಣ್ಣು

ಒಬ್ಬ ಮಗ ಇದ್ದಾನೆ, ಹನ್ನೆರಡು ವರ್ಷ. ನಾಳೆ ಬೆಳಿಗ್ಗೆ ಫೋನ್ ಮಾಡಿ ಅದನ್ನೇ ಮೊದಲು ಕೇಳುತ್ತೇನೆ.